ಮಾರ್ಚ್‌ನಲ್ಲಿ ಕಾಣದ ದಾರಿ

ಲಕ್ಷ್ಮೇಶ್ವರ
14 ಜುಲೈ 2024

ತನ್ವೀರ,

ಒಂಬತ್ತು ವರ್ಷದ ಮೇಲೆ ಬರೆಯುತ್ತಿದ್ದೇನೆ. ಅಕ್ಷರ ನೋಡಿದ ಕೂಡಲೇ ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಹರಿಯುವ ಮನಸ್ಸಾದರೆ ಓದಿ ಆಮೇಲೆ ಹರಿ. ನನ್ನ ಸಲುವಾಗಿ ಬರೆದದ್ದಲ್ಲ.

ಮಸಾರಿಕೊಪ್ಪದ ಅಮೃತವ್ವನನ್ನು ನೀನು ಮರೆತಿರಲಾರೆ. ಎಂಬತ್ತೇಳರಲ್ಲಿ ನಾವಿಬ್ಬರೂ ಆ ಊರಿಗೆ ಹೋದಾಗ ಅವಳಿನ್ನೂ ಹೊಸ ಸೊಸೆ. ನಿನ್ನ ತೋಯ್ದ ಚೀಲಕ್ಕೆ ಒಲೆಯ ಮುಂದೆ ಜಾಗ ಮಾಡಿಕೊಟ್ಟವಳು. ಈಗ ಅಲ್ಲಿಯ ಹೆಣ್ಣುಮಕ್ಕಳ ಸಂಘದ ಅಧ್ಯಕ್ಷೆ. ನನ್ನ ಅಡತಿ ಅಂಗಡಿಗೆ ಮಾರಲು ಹೆಸರುಕಾಳು ತರುವುದನ್ನು ಒಂದು ವರ್ಷವೂ ತಪ್ಪಿಸಿದವಳಲ್ಲ. ಮೊನ್ನೆ ಕಾಳಿಲ್ಲದೆ ಬರಿಗೈಯಲ್ಲಿ ಬಂದು ಚೀಲಗಳ ಮೇಲೆ ಕೂತಳು. ಚಹಾ ತರಿಸಿದೆ, ಆರಿಹೋಯಿತು, ಕುಡಿಯಲಿಲ್ಲ.

ಅವರ ಊರಿಗೆ ಎರಡು ದಾರಿ. ಕಪ್ಪು ಮಣ್ಣಿನ ಎರಿ ಹೊಲಗಳ ನಡುವೆ ಹಾಯ್ದು, ಹಳ್ಳ ದಾಟಿ, ಮುಂಡರಗಿ ರಸ್ತೆ ಸೇರುವುದು ಬೇಸಿಗೆ ದಾರಿ. ಜೂನಿನಲ್ಲಿ ಮಿರಗದ ಮಳೆ ಬಿದ್ದ ಮೇಲೆ ಅದು ದಾರಿಯಲ್ಲ, ರಾಡಿ. ಆಗ ಊರ ಹಿಂದಿನ ಕೆಂಪು ಮಣ್ಣಿನ ದಿಬ್ಬ ಹತ್ತಿ ಶಿರಹಟ್ಟಿ ರಸ್ತೆಗೆ ಇಳಿಯುತ್ತಾರೆ. ಅದು ಮಳೆದಾರಿ. ಕಲ್ಲು ಬಹಳ, ಆದರೆ ನೀರು ನಿಲ್ಲುವುದಿಲ್ಲ. ಅಜ್ಜನ ಅಜ್ಜನ ಕಾಲದಿಂದ ಹೀಗೇ ನಡೆದುಬಂದಿದೆ.

ದೆಹಲಿಯ ರಸ್ತೆ ಯೋಜನೆಯವರು ಬೇಸಿಗೆ ದಾರಿಗೆ ಡಾಂಬರು ಹಾಕಿದರು, ಹಳ್ಳದ ತಳಕ್ಕೆ ಕಾಂಕ್ರೀಟು ಹಾಸಿದರು. ರಾಜ್ಯದ ಯೋಜನೆಯವರು ನೀರು ನಿಲ್ಲದ ಜಾಗ ಬೇಕೆಂದು ದಿಬ್ಬದ ಮೇಲೆ, ಮಳೆದಾರಿಯ ಮಗ್ಗುಲಲ್ಲಿ, ಉಳ್ಳಾಗಡ್ಡಿ ಗೋದಾಮು ಕಟ್ಟಿ ಸಂಘಕ್ಕೆ ವಹಿಸಿದರು. ಇಬ್ಬರೂ ತಮ್ಮ ತಮ್ಮ ಕೆಲಸ ಚೆನ್ನಾಗಿಯೇ ಮಾಡಿದ್ದಾರೆ. ಸಂಕಟ ಇರುವುದು ಅಲ್ಲೇ. ಉಳ್ಳಾಗಡ್ಡಿ ಕೀಳುವುದು ಮಳೆಗಾಲದ ತುದಿಯಲ್ಲಿ. ಆಗ ಡಾಂಬರಿನ ಮೇಲೆ ಹಳ್ಳ ಹರಿಯುತ್ತಿರುತ್ತದೆ, ಮಳೆದಾರಿಯ ಕಲ್ಲಿನ ಮೇಲೆ ಲಾರಿ ಹತ್ತುವುದಿಲ್ಲ. ಗೋದಾಮು ಎರಡು ಹಂಗಾಮು ಖಾಲಿ ಬಿದ್ದಿದೆ. ಈ ಸಲವೂ ಖಾಲಿ ಉಳಿದರೆ ಸಂಘದ ಕೈಯಿಂದ ಬಿಡಿಸಿ, ತೂಕದ ಯಂತ್ರ, ಗಡ್ಡಿ ಆರಿಸುವ ಯಂತ್ರ ಎರಡನ್ನೂ ಬೇರೆ ತಾಲೂಕಿಗೆ ಒಯ್ಯುವುದಾಗಿ ನೋಟೀಸು ಬಂದಿದೆ.

ಅಮೃತವ್ವ ಎದ್ದು ಹೋಗುವಾಗ ಹೇಳಿದ್ದು ಇಷ್ಟು: “ಸಾವಕಾರ್ರ, ನಮಗ ಹೊಸಾದೇನೂ ಬ್ಯಾಡ. ಅವ್ರು ಕೊಟ್ಟಿದ್ದ ಎರಡನ್ನೂ ಕೂಡಿಸಿ ಕೊಡಂತ ಹೇಳ್ರಿ, ಸಾಕು.”

ಕೂಡಿಸುವ ಕೆಲಸಕ್ಕೆಂದೇ ಸಂಬಳ ತೆಗೆದುಕೊಳ್ಳುವವರು ಈ ಜಿಲ್ಲೆಯಲ್ಲಿ ಯಾರೆಂದು ರಾತ್ರಿಯೆಲ್ಲ ಯೋಚಿಸಿದೆ. ನಿನ್ನ ಯೋಜನಾ ಶಾಖೆ ಬಿಟ್ಟು ಬೇರೆ ಹೆಸರು ಹೊಳೆಯಲಿಲ್ಲ.

ಚನ್ನಬಸವಣ್ಣ


ಬೆಟಗೇರಿ
12 ಆಗಸ್ಟ್ 2024

ಶ್ರೀ ಚನ್ನಬಸವಣ್ಣನವರಿಗೆ,

ತಮ್ಮ ಪತ್ರ ತಲುಪಿತು. ಉತ್ತರ ತಡವಾದದ್ದಕ್ಕೆ ಕಾರಣ ಕೇಳಬೇಡಿ.

ವಿಷಯ ಪರಿಶೀಲಿಸಿದೆ. ದೆಹಲಿಯ ಪಟ್ಟಿಯಲ್ಲಿ ಮಸಾರಿಕೊಪ್ಪ ‘ಸಂಪರ್ಕ ಹೊಂದಿದ ಗ್ರಾಮ’. ಒಮ್ಮೆ ಹೊಂದಿದ ಗ್ರಾಮಕ್ಕೆ ಆ ಯೋಜನೆಯಲ್ಲಿ ಎರಡನೆಯ ರಸ್ತೆ ಇಲ್ಲ. ಬೆಂಗಳೂರಿನ ಪಟ್ಟಿಯಲ್ಲಿ ಗೋದಾಮಿಗೆ ‘ರಸ್ತೆ ಸೌಲಭ್ಯ ಇದೆ’ ಎಂದಿದೆ. ಅವರು ದೆಹಲಿಯ ಪಟ್ಟಿ ನೋಡಿ ಹಾಗೆ ಬರೆದರು. ಗ್ರಾಮ ಪಂಚಾಯತಿಯ ಯೋಜನೆಯಲ್ಲಿ ಮಳೆದಾರಿ ಪ್ರತಿವರ್ಷ ಇರುತ್ತದೆ. ಅವರ ಕೈಯಲ್ಲಿರುವ ಅನುದಾನದಲ್ಲಿ ನಾಲ್ಕು ಟ್ರ್ಯಾಕ್ಟರ್ ಮೊರಂ ಮಣ್ಣು ಹಾಕಬಹುದು, ಲಾರಿ ಹತ್ತಿಸಲಾಗದು. ಹೀಗೆ ಮೂರು ಪಟ್ಟಿಗಳೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿವೆ. ನಮ್ಮ ಜಿಲ್ಲಾ ಯೋಜನಾ ಸಮಿತಿ ವರ್ಷಕ್ಕೊಮ್ಮೆ ಕೂಡಿ ಮೂರನ್ನೂ ಒಟ್ಟಿಗೆ ಹೊಲಿದು ರಟ್ಟು ಹಾಕುತ್ತದೆ. ಆ ಹೊಲಿಗೆಗೆ ಸಮನ್ವಯ ಎಂದು ಹೆಸರು.

ಇನ್ನೊಂದು ಮಾತು. ರಸ್ತೆಯ ಸರ್ವೆ ತಂಡ ಮಾರ್ಚ್‌ನಲ್ಲಿ ಬಂದಿತ್ತು. ಊರಿಗೆ ದಾರಿ ಯಾವುದೆಂದು ಕೇಳಿದಾಗ ಊರವರೇ ಬಂಡಿ ಮುಂದೆ ಮಾಡಿಕೊಂಡು ಬೇಸಿಗೆ ದಾರಿಯಿಂದ ಕರೆದೊಯ್ದರು. ಮಳೆದಾರಿಯ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಇದು ವರದಿಯಲ್ಲಿದೆ. ನಾವು ಕುರ್ಚಿಯಲ್ಲಿ ಕೂತು ಯೋಜನೆ ಬರೆಯುತ್ತೇವೆಂದು ತಾವು ಹಿಂದೊಮ್ಮೆ ಪತ್ರಿಕೆಯಲ್ಲಿ ಬರೆದಿರಿ, ಅದರ ಫಲವಾಗಿ ನನ್ನನ್ನು ಬೀದರಿಗೆ ವರ್ಗ ಮಾಡಿದರು. ಈ ಸಲ ಕುರ್ಚಿಯಿಂದ ಎದ್ದು ಹೋದವರಿಗೆ ದಾರಿ ತೋರಿಸಿದವರು ತಮ್ಮ ಕಡೆಯವರೇ.

ಗೌರವಗಳೊಂದಿಗೆ,
ತನ್ವೀರ


ಲಕ್ಷ್ಮೇಶ್ವರ
3 ಸೆಪ್ಟೆಂಬರ್ 2024

ತನ್ವೀರ,

‘ತಾವು’ ಎಂದು ಬರೆದಿದ್ದೀಯ. ಇರಲಿ.

ನಿನ್ನ ಕಾಗದ ಕಿಸೆಯಲ್ಲಿಟ್ಟುಕೊಂಡೇ ಮಸಾರಿಕೊಪ್ಪಕ್ಕೆ ಹೋದೆ. ಶಿರಹಟ್ಟಿಯಿಂದ ಟಂಟಂ ಆಟೋ, ಆಮೇಲೆ ದಿಬ್ಬದ ಮೇಲೆ ಕಾಲುನಡಿಗೆ. ಅಮೃತವ್ವನ ಮೈದುನ ಹೇಮಪ್ಪ ಎದುರಿಗೆ ಸಿಕ್ಕ. ಸರ್ವೆಯವರಿಗೆ ದಾರಿ ತೋರಿಸಿದವರು ಯಾರೋ ಎಂದು ಅಲ್ಲೇ ನಿಲ್ಲಿಸಿ ಕೇಳಿದೆ. ಅವನು ಹಿಗ್ಗಿನಿಂದ ತನ್ನ ಎದೆ ತೋರಿಸಿದ. ಬಂಡಿ ಹೂಡಿದವನು ಅವನೇ ಅಂತೆ, ಎತ್ತಿನ ಕೊರಳಿಗೆ ಗೆಜ್ಜೆಸರವನ್ನೂ ಕಟ್ಟಿದ್ದನಂತೆ.

ಮನೆಗೆ ಹೋಗಿ ಅಮೃತವ್ವನ ಮುಂದೆ ನಿನ್ನ ಕಾಗದ ಓದಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಮನಿಗೆ ಬಂದ ಬೀಗರನ್ನ ಯಾರರ ಕಲ್ಲಾಗ ಹಾಯಿಸಿ ಕರಕೊಂಡು ಬರ್ತಾರೇನ್ರಿ? ಚಲೋ ದಾರಿ ಇದ್ದಾಗ ಚಲೋ ದಾರೀಲೆ ಕರಕೊಂಡು ಬರಬೇಕು.”

ಅವರು ಬೀಗರಲ್ಲವ್ವಾ, ಸರ್ವೆಯವರು ಎಂದೆ.

“ಮೂರೂ ಮಂದಿ ಉಂಡು ಹೋದ್ರು. ಉಂಡವ್ರು ಬೀಗರ.”

ಇದಕ್ಕೆ ನಿಮ್ಮ ವರದಿಯಲ್ಲಿ ಯಾವ ಕಲಂ ಇದೆ ಹೇಳು. ಹೇಮಪ್ಪ ಎಲೆ ಮಡಚುತ್ತ ಸಮಾಧಾನ ಮಾಡಲು ನೋಡಿದ: “ಸರಕಾರ ಯಾವದರ ಬರಲಿ ಸಾವಕಾರ್ರ, ಊರಿಗೆ ಬರೂದು ಬಿಸಲಾಗ. ಮಳಿಗಾಲದಾಗ ಅದಕ್ಕ ನೆಗಡಿ ಆಗತೈತಿ.”

ನಗು ಬಂತು. ಆಮೇಲೆ ದಿಬ್ಬ ಇಳಿಯುವಾಗ ಬರಲಿಲ್ಲ. ನಾನು ಹಳೆಯದನ್ನು ಮರೆಯುವ ಜಾತಿಯವನಲ್ಲ, ಅದು ನಿನಗೆ ಗೊತ್ತು. ಎಂಬತ್ತೇಳರ ಮಂಡಲ ಪಂಚಾಯತಿಯಲ್ಲಿ ನಾನು ಇಪ್ಪತ್ತೆರಡು ವಯಸ್ಸಿನ ಸದಸ್ಯ, ನೀನು ಆಗತಾನೇ ಸೇರಿದ ಗುಮಾಸ್ತ. ಊರೂರಿಗೆ ಹೋಗಿ ಯೋಜನೆ ಬರೆದುಕೊಂಡು ಬನ್ನಿ ಎಂದಿದ್ದರು. ಆಗಲೂ ಆಷಾಢದ ಮಳೆ, ಇದೇ ದಿಬ್ಬ ಹತ್ತಿದ್ದೆವು, ನಿನ್ನ ಚಪ್ಪಲಿ ನಿನ್ನ ಕೈಯಲ್ಲಿತ್ತು. ನಾವು ಬರೆದುಕೊಂಡು ಬಂದ ಪಟ್ಟಿಯ ಮೊದಲ ಸಾಲು ಈ ದಾರಿಯೇ. ಮಂಡಲ ಹೋಯಿತು, ಪಟ್ಟಿ ತಾಲೂಕಿಗೆ ಹೋಯಿತು. ಧಾರವಾಡ ಒಡೆದು ಗದಗ ಜಿಲ್ಲೆಯಾಯಿತು, ಪಟ್ಟಿ ಧಾರವಾಡದಲ್ಲೇ ಉಳಿಯಿತು. ಲಕ್ಷ್ಮೇಶ್ವರ ತಾಲೂಕಾಯಿತೆಂದು ನಾವು ಪೇಢೆ ಹಂಚಿದೆವು. ಅತ್ತ ದೆಹಲಿಯಲ್ಲಿ ಯೋಜನಾ ಆಯೋಗವನ್ನೇ ಮುಚ್ಚಿದರು. ಯೋಜನೆ ಊರಿನಿಂದ ಹೊರಟು ಮೇಲಕ್ಕೆ ಹೋಗಬೇಕೆಂದು ಸಂವಿಧಾನವನ್ನೇ ತಿದ್ದಿ ಮೂವತ್ತು ವರ್ಷ ದಾಟಿತು. ಹೋಗುವುದನ್ನು ನಾನು ಬಹಳ ಸಲ ನೋಡಿದ್ದೇನೆ. ತಿರುಗಿ ಬಂದದ್ದನ್ನು ನೋಡಿಲ್ಲ.

ನಿನ್ನನ್ನು ರಸ್ತೆ ಕೇಳುತ್ತಿಲ್ಲ. ಒಂದು ಟಿಪ್ಪಣಿ ಬರೆ. ಈ ಊರಿಗೆ ರಸ್ತೆ ಇರುವುದು ಮಳೆ ಇಲ್ಲದ ತಿಂಗಳುಗಳಲ್ಲಿ ಮಾತ್ರ ಎಂದು ಒಂದೇ ಸಾಲು. ‘ಹೊಂದಿದ ಗ್ರಾಮ’ ಎಂಬ ಮಾತು ಅಳಿದರೆ ಪಂಚಾಯತಿಯವರು ಮಿಕ್ಕದ್ದನ್ನು ಕೇಳಬಹುದು. ಗಡ್ಡಿ ಕೀಳಲು ಇನ್ನು ಹೆಚ್ಚು ದಿನ ಉಳಿದಿಲ್ಲ.

ಚನ್ನಬಸವಣ್ಣ


ಲಕ್ಷ್ಮೇಶ್ವರ
24 ಅಕ್ಟೋಬರ್ 2024

ತನ್ವೀರ,

ಉತ್ತರ ಬರಲಿಲ್ಲ. ಬರಲೇಬೇಕೆಂದೇನೂ ಇಲ್ಲ.

ಉಳ್ಳಾಗಡ್ಡಿ ಕಿತ್ತು ಹೊಲದಲ್ಲೇ ಒಟ್ಟಿದ್ದರು. ಮೂರು ಕಡೆ ಲಾರಿ ಮಾತಾಡಿದ್ದೆ. ಮುಂಡರಗಿ ಕಡೆಯಿಂದ ಬಂದ ಒಬ್ಬ ಹಳ್ಳದ ನೀರು ನೋಡಿ ಹಿಂದಕ್ಕೆ ಹೊರಳಿದ, ಶಿರಹಟ್ಟಿ ಕಡೆಯಿಂದ ಇನ್ನೊಬ್ಬ ದಿಬ್ಬದ ಬುಡದಲ್ಲೇ ಟೈರಿಗೆ ಹೆದರಿ ನಿಂತ. ಮೂರನೆಯವನು ಫೋನನ್ನೇ ಎತ್ತಲಿಲ್ಲ. ಆಮೇಲೆ ಹಗಲೂ ರಾತ್ರಿ ಮಳೆ ಹಿಡಿಯಿತು. ಹೆಂಗಸರು ತಲೆಯ ಮೇಲೆ ಹೊತ್ತು ಗೋದಾಮಿಗೆ ಸಾಗಿಸಿದಷ್ಟು ಸಾಗಿಸಿದರು. ಅಲ್ಲಿಂದ ಮುಂದೆ ಸಾಗಿಸುವುದು ಹೇಗೆ? ಉಳಿದದ್ದು ಒಟ್ಟಿದಲ್ಲೇ ಮೊಳಕೆಯೊಡೆಯಿತು. ಆ ಊರ ನಾತ ನಾನು ಮನೆಗೆ ಬಂದು ಸ್ನಾನ ಮಾಡಿದ ಮೇಲೂ ಹೋಗಲಿಲ್ಲ.

ಸೋತ ಹೊಲ ನೋಡಿ ಅಭ್ಯಾಸವಿದೆ. ಇದು ಸೋತದ್ದಲ್ಲ. ಮಳೆ ಬಂತು, ಬೆಳೆ ಬಂತು, ಗೋದಾಮಿತ್ತು, ರಸ್ತೆಯಿತ್ತು.

ಯಂತ್ರ ಒಯ್ಯುವ ಮಾತನ್ನು ಮಾರ್ಚ್ ತನಕ ತಡೆದಿದ್ದಾರಂತೆ, ಯಾಕೋ ತಿಳಿಯದು.

ಚನ್ನಬಸವಣ್ಣ


ಬೆಟಗೇರಿ
8 ಡಿಸೆಂಬರ್ 2024

ಚನ್ಯಾ,

ತಡೆದವನು ನಾನು.

ನಿನ್ನ ಸೆಪ್ಟೆಂಬರ್ ಕಾಗದ ಬಂದ ವಾರದಲ್ಲೇ ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಿದೆ. ನಿನಗೆ ತಿಳಿಸಲಿಲ್ಲ, ಯಾಕೆಂದರೆ ಮರುದಿನ ಪತ್ರಿಕೆಯಲ್ಲಿ ಬಂದುಬಿಟ್ಟರೆ ಅಲ್ಲಿಗೆ ಮುಗಿಯಿತು. ಮೇ ಮೂವತ್ತೊಂದಕ್ಕೆ ನನ್ನ ನಿವೃತ್ತಿ. ಮಾಸ್ತರರು ನಮಗಿಬ್ಬರಿಗೂ ಹುಟ್ಟಿದ ದಿನ ಜೂನ್ ಒಂದು ಎಂದು ಬರೆದು ಪುಣ್ಯ ಕಟ್ಟಿಕೊಂಡರಲ್ಲ, ಅದರ ಫಲ. ಕೊನೆಯ ವರ್ಷದಲ್ಲಿ ನಮ್ಮಂಥವರು ಸಹಿ ಮಾಡುವುದು ಹಾಜರಿ ಪುಸ್ತಕಕ್ಕೆ ಮಾತ್ರ. ಹಳೆಯ ವರದಿ ತಪ್ಪೆಂದು ನಾನು ಬರೆದರೆ, ಆ ವರದಿಗೆ ಸಹಿ ಹಾಕಿದವರೇ ಈಗ ನನ್ನ ಪಿಂಚಣಿ ಕಡತಕ್ಕೆ ಸಹಿ ಹಾಕಬೇಕಾದವರು. ನೂರೀನ ಟಿಪ್ಪಣಿಯ ಕರಡು ಓದಿ ಕೇಳಿದಳು: “ಇಷ್ಟು ವರ್ಷ ಸುಮ್ಮನ ಇದ್ರಿ. ಇನ್ನೊಂದಿಷ್ಟು ದಿನ ಸುಮ್ಮನಿರಾಕ ಆಗೂದಿಲ್ಲೇನು?” ಹೆಂಡತಿಯ ಮಾತಿನಲ್ಲಿ ತಪ್ಪಿರಲಿಲ್ಲ. ಅದನ್ನು ಕೇಳಿಕೊಂಡೇ ಹೋಗಿ ಕಳಿಸಿದೆ.

ಟಿಪ್ಪಣಿ ಎಲ್ಲ ಮೇಜುಗಳ ಮೇಲೂ ಕೂತು ಎದ್ದು ಬಂದಿದೆ. ಜಂಟಿ ಪರಿಶೀಲನೆ ಆಗಬೇಕಂತೆ. ದೆಹಲಿಯ ಯೋಜನೆಯ ಕಡೆಯವರು, ರಾಜ್ಯದವರು, ತಾಲೂಕಿನವರು ಮೂವರೂ ಒಂದೇ ಜೀಪಿನಲ್ಲಿ ಕೂತು ಒಂದೇ ಊರನ್ನು ನೋಡುವುದು ನನ್ನ ಸೇವೆಯಲ್ಲಿ ಇದೇ ಮೊದಲು. ಅದಕ್ಕೆ ಖುಷಿಪಡಬೇಕೆಂದಿದ್ದೆ, ದಿನಾಂಕ ನೋಡಿದೆ. ಮಾರ್ಚ್ ಹದಿಮೂರು. ಮಳೆಗಾಲದಲ್ಲಿ ಇಡಿ ಎಂದು ಕೇಳಿದ್ದಕ್ಕೆ, ವರ್ಷ ಮುಗಿಯುವುದರೊಳಗೆ ವಾಹನದ ಅನುದಾನ ಖರ್ಚಾಗಬೇಕು ಎಂದರು.

ಆದ್ದರಿಂದ ಕೇಳು. ಅಂದು ವರ್ಷಾಂತ್ಯದ ಸಭೆ ಇದೆ, ನನ್ನನ್ನು ಬಿಡುವುದಿಲ್ಲ. ನೀನು ಅಲ್ಲಿರಬೇಕು. ಅವರನ್ನು ಶಿರಹಟ್ಟಿ ಕಡೆಯಿಂದ, ಮಳೆದಾರಿಯಿಂದಲೇ ನಡೆಸಿಕೊಂಡು ಹೋಗು. ಬೇಸಿಗೆ ದಾರಿಗೆ ಮುಳ್ಳು ಹಚ್ಚಿಸು. ಮಳೆಗಾಲದಲ್ಲಿ ಊರಿಗಿರುವುದು ಇದೊಂದೇ ದಾರಿ ಎಂಬುದು ಅವರ ಕಾಲಿಗೆ ಗೊತ್ತಾಗಲಿ. ಬಂಡಿ ಬೇಡ, ಗೆಜ್ಜೆಸರ ಬೇಡ. ರೊಟ್ಟಿ ಅಂತೂ ಬೇಡವೇ ಬೇಡ.

ಅಮ್ಮ ತೀರಿಕೊಂಡಾಗ ಬೀದರಿನಿಂದ ನಾನು ಬಂದು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ನೀನು ಕೊನೆಯ ತನಕ ಅಲ್ಲಿ ನಿಂತಿದ್ದೆಯೆಂದು ನೂರೀನ ಹೇಳಿದಳು. ಕೇಳಿಯೂ ಇಷ್ಟು ವರ್ಷವಾಯಿತು.

ತನ್ವೀರ


ಲಕ್ಷ್ಮೇಶ್ವರ
16 ಮಾರ್ಚ್ 2025

ತನ್ವೀರ,

ಸಭೆಯಲ್ಲಿ ಕೂತು, ರೋಜಾ ಹಿಡಿದ ಬಾಯಲ್ಲಿ, ನನ್ನ ಫೋನಿಗಾಗಿ ಕಾಯುತ್ತಿದ್ದೆಯೆಂದು ಗೊತ್ತು. ಬಾಯಲ್ಲಿ ಹೇಳುವುದಾಗಲಿಲ್ಲ. ಬರೆಯುತ್ತೇನೆ.

ಎಲ್ಲ ನೀನು ಹೇಳಿದಂತೆಯೇ ಮಾಡಿದ್ದೆವು. ಹಿಂದಿನ ದಿನ ಹೇಮಪ್ಪ ಜಾಲಿ ಮುಳ್ಳು ಕಡಿದು ಡಾಂಬರಿಗೆ ಅಡ್ಡ ಎಳೆದ. ಗುರುವಾರ ಬಿಸಿಲೇರಿದ ಮೇಲೆ ಜೀಪು ಬಂತು. ದಿಬ್ಬದ ಬುಡದಲ್ಲಿ ಇಳಿಸಿದೆ. ರಾಜ್ಯದವರು, ತಾಲೂಕಿನವರು ಇಬ್ಬರೂ ಬೊಜ್ಜಿನ ಗಂಡಸರು, ಗೊಣಗುತ್ತ ಹತ್ತಿದರು. ದೆಹಲಿಯ ಯೋಜನೆಯ ಪರವಾಗಿ ಬಂದವಳು ಅಂಕಿತಾ ಎಂಬ ಹುಡುಗಿ, ಮೈಸೂರು ಕಡೆಯವಳು. ಗೊಣಗಲಿಲ್ಲ. ಅವಳ ಕೈಯಲ್ಲಿದ್ದ ಫೋನು ನಾವು ನಡೆದ ದಾರಿಯನ್ನು ತಾನೇ ಗೆರೆ ಎಳೆದುಕೊಳ್ಳುತ್ತಿತ್ತು. ಉಳ್ಳಾಗಡ್ಡಿ ಯಾವ ತಿಂಗಳು ಕೀಳುತ್ತೀರಿ, ಆಗ ಹಳ್ಳದಲ್ಲಿ ಎಷ್ಟು ನೀರು ಎಂದು ಕೇಳುತ್ತ ಬಂದಳು. ಇಷ್ಟು ವರ್ಷದಲ್ಲಿ ಸರಕಾರದ ಬಾಯಿಂದ ಆ ಪ್ರಶ್ನೆ ಕೇಳಿದ್ದು ಅದೇ ಮೊದಲು. ಗೆದ್ದೆವು ಎಂದುಕೊಂಡೆ.

ಗೋದಾಮು ಕಣ್ಣಿಗೆ ಬೀಳುವ ಹೊತ್ತಿಗೆ ಅವಳ ಕಾಲು ಕಲ್ಲಿನ ಸಂದಿಗೆ ಸಿಕ್ಕು ಹೊರಳಿತು. ಕೂತುಬಿಟ್ಟಳು. ಅಮೃತವ್ವ ಮೇಲಿನಿಂದ ಓಡಿ ಬಂದಳು, ಅವಳ ಪಾದ ತನ್ನ ತೊಡೆಯ ಮೇಲೆ ಇಟ್ಟುಕೊಂಡು ನೀವಿದಳು. ನೀವುತ್ತ ನೀವುತ್ತ ಅಮೃತವ್ವನ ಮುಖ ಬದಲಾಗುವುದನ್ನು ನಾನು ನೋಡಿದೆ. ಹೇಮಪ್ಪನನ್ನು ಕರೆದು, ಮುಳ್ಳು ತೆಗೆದು ಜೀಪನ್ನು ಹಳ್ಳದ ಕಡೆಯಿಂದ ತರಿಸು ಎಂದಳು.

ಹೇಮಪ್ಪ ಮೆಲ್ಲಗೆ ಹೇಳಿದ: “ವೈನಿ, ತಡೀರಿ. ಎಲ್ಲಾ ಹಾಳಾಗತೈತಿ.”

“ಮಂದಿ ಮಗಳನ್ನ ಕುಂಟಿಸಿ ತಗೊಂಡ ರೋಡಿನ ಮ್ಯಾಲೆ ನನ್ನ ಉಳ್ಳಾಗಡ್ಡಿ ಹೋಗೂದು ಬ್ಯಾಡ. ನೀ ಹೋಗು.”

ನಾನು ಅಡ್ಡ ಬರಬಹುದಿತ್ತು. ಅಮೃತವ್ವನ ಆ ಮುಖ ನೋಡಿದವನು ಅಡ್ಡ ಬರಲಾರ. ಹೇಮಪ್ಪ ಮುಳ್ಳು ತೆಗೆದ. ಜೀಪು ಸುತ್ತು ಹಾಕಿ, ಒಣಗಿದ ಹಳ್ಳದಲ್ಲಿ ಧೂಳೆಬ್ಬಿಸಿಕೊಂಡು, ಊರೊಳಗಿಂದ ಗೋದಾಮಿನ ಮುಂದೆಯೇ ಬಂದು ನಿಂತಿತು. ಗೋದಾಮಿನ ಹಿಂದೆ ಬಿಳಿ ಬಟ್ಟೆ ಮುಚ್ಚಿದ ಬುಟ್ಟಿಯೂ ಇತ್ತು, ಬೆಳಿಗ್ಗೆ ದಿಬ್ಬ ಇಳಿದು ಹೋಗುವಾಗಲೇ ನೋಡಿದ್ದೆ, ತೆಗೆಸಿರಲಿಲ್ಲ. ಖಡಕ್ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ. ಮೂವರೂ ಉಂಡರು. ಬೀಗರಾದರು.

ಜೀಪು ತಿರುಗಿ ಹೋಗುವಾಗಲೂ ಡಾಂಬರಿನ ಮೇಲೆಯೇ ಹೋಯಿತು. ಹೊರಡುವ ಮುಂಚೆ ಅಂಕಿತಾ ಜೀಪಿನಲ್ಲಿ ಕೂತು ಫೋನು ನೋಡಿ, ಸಂಕೋಚದಿಂದಲೇ ನನಗೆ ಹೇಳಿದಳು: “ಸರ್, ಇದರಲ್ಲಿ ಎರಡೂ ದಾರಿ ಬಂದಿದೆ. ಎರಡರಲ್ಲಿ ಒಂದರ ಮೇಲೆ ಗಾಡಿ ಓಡಾಡುತ್ತೆ ಅಂದಮೇಲೆ, ಊರಿಗೆ ರಸ್ತೆ ಇದೆ ಅಂತ ತಾನೇ ನಾನು ಬರೆಯಬೇಕು?” ಅವಳು ಸುಳ್ಳು ಬರೆಯುವವಳಲ್ಲ. ಅದೇ ಕಷ್ಟ.

ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆಯಾಸವಾಯಿತು. ಎಲ್ಲಿ ಊರು ತನ್ನ ಒಳ್ಳೆಯದನ್ನು ಮುಂದಿಡುತ್ತದೆಯೋ ಅಲ್ಲಿ ಸರಕಾರ ‘ಕೊರತೆ ಇಲ್ಲ’ ಎಂದು ಬರೆದುಕೊಳ್ಳುತ್ತದೆ. ಬರಬೇಕಾದ ಸವಲತ್ತಿಗಾಗಿ ಮಂದಿ ಮೊದಲು ಕೆಟ್ಟವರಾಗಬೇಕೇ? ಇದನ್ನು ಪತ್ರಿಕೆಗೆ ಬರೆಯಲೆಂದು ಪೆನ್ನು ತೆಗೆದೆ, ಮುಚ್ಚಿಟ್ಟೆ. ನಿನ್ನ ಮೇ ತಿಂಗಳು ಮುಗಿಯಲಿ.

ಚನ್ನಬಸವಣ್ಣ


ಮಸಾರಿಕೊಪ್ಪ
27 ಜುಲೈ 2025

ಚನ್ಯಾ,

ಮೇಲೆ ಬರೆದ ಊರಿನ ಹೆಸರನ್ನು ಇನ್ನೊಮ್ಮೆ ಓದು. ತಪ್ಪಿ ಬರೆದದ್ದಲ್ಲ.

ನಿವೃತ್ತನಾಗಿ ಎರಡು ತಿಂಗಳಾಗುತ್ತ ಬಂತು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಪಿಂಚಣಿ ಕಡತಕ್ಕೆ ಏನೋ ಆಕ್ಷೇಪಣೆ ಇದೆಯಂತೆ, ಏನೆಂದು ಯಾರೂ ಹೇಳುವುದಿಲ್ಲ. ನೂರೀನ ಅದರ ಮಾತೇ ಎತ್ತುವುದಿಲ್ಲ, ಎತ್ತಿದ್ದರೆ ಹಗುರಾಗುತ್ತಿತ್ತು.

ಈ ಊರಿನ ಬಗ್ಗೆ ಇಷ್ಟು ಕಾಗದ ಓಡಾಡಿಸಿದವನು, ಎಂಬತ್ತೇಳರ ಮೇಲೆ ಒಮ್ಮೆಯೂ ಬಂದಿರಲಿಲ್ಲ. ಒಂದು ವಾರದಿಂದ ಮಳೆ ಬಿಟ್ಟಿತ್ತು. ನಿನ್ನೆ ಬೆಳಿಗ್ಗೆ ಮುಂಡರಗಿ ಕಡೆಯಿಂದ ಟಂಟಂ ಹಿಡಿದು ಡಾಂಬರಿನ ಮೇಲೆಯೇ ಬಂದೆ. ಒಳ್ಳೆಯ ರಸ್ತೆ. ಮಧ್ಯಾಹ್ನ ಕಪ್ಪತಗುಡ್ಡದ ಮೇಲೆ ಮೋಡ ಒಡೆದು, ಸಂಜೆಗೆ ಹಳ್ಳ ಬಂತು. ಊರಿಗೆ ಬೀಳದ ಮಳೆಯ ನೀರು ಊರಿನ ರಸ್ತೆಯ ಮೇಲೆ. ಇನ್ನೂ ಇಳಿದಿಲ್ಲ. ನಾನು ಸಿಕ್ಕಿಬಿದ್ದಿದ್ದೇನೆ.

ಗೋದಾಮಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಯಂತ್ರಗಳನ್ನು ಏಪ್ರಿಲ್‌ನಲ್ಲೇ ಒಯ್ದರು. ಹಳ್ಳ ಒಣಗಿತ್ತು, ಲಾರಿ ಸಲೀಸಾಗಿ ಬಂತಂತೆ. ಯಂತ್ರ ಕೂರಿಸಿದ್ದ ಬೋಲ್ಟುಗಳು ನೆಲದಲ್ಲಿ ಹಾಗೇ ಇವೆ, ಒಂದಕ್ಕೆ ಕುರಿಮರಿ ಕಟ್ಟಿದ್ದಾರೆ. ಗೋದಾಮಿನ ಕೀಲಿಯನ್ನು ಮಾತ್ರ ಅಮೃತವ್ವ ಕೊಡಲಿಲ್ಲವಂತೆ. ಕೇಳಲು ಬಂದವರಿಗೆ ಹುಡುಕಿ ಕಳಿಸುತ್ತೇನೆ ಎಂದು ಹೇಳಿ, ಉಣಿಸಿ, ಕಳಿಸಿದ್ದಾಳೆ. ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದಾಳೆ, ನಾನು ನೋಡಿದೆ.

ನಿನ್ನೆ ಊಟಕ್ಕೆ ಕೂತಾಗ, ನಿಮ್ಮೂರಿಗೆ ಖರೆ ದಾರಿ ಯಾವುದವ್ವಾ ಎಂದು ಕೇಳಿದೆ. ಇಷ್ಟು ವರ್ಷ ಸರಕಾರ ಕೇಳಿದ ಪ್ರಶ್ನೆ, ಅದೇ ಧಾಟಿ. ಅವಳು ಕೈಯಲ್ಲಿನ ಬುಟ್ಟಿ ಕೆಳಗಿಟ್ಟಳು.

“ಯಾವಾಗಿಂದು ಕೇಳ್ತೀರಿ ಸಾಹೇಬ್ರ?”

ನಮ್ಮ ನಮೂನೆಗಳಲ್ಲಿ ಎಲ್ಲಿ ಎಂದಿತ್ತು, ಎಷ್ಟು ಉದ್ದ ಎಂದಿತ್ತು, ಎಷ್ಟು ಜನ ಎಂದಿತ್ತು. ಯಾವಾಗ ಎಂದು ಇರಲಿಲ್ಲ. ಅದನ್ನು ಸೇರಿಸಲು ಈಗ ನನ್ನ ಹತ್ತಿರ ಮೇಜಿಲ್ಲ. ನಿನ್ನ ಹತ್ತಿರ ಪೆನ್ನಿದೆಯಲ್ಲ, ತೆಗೆ. ನನ್ನ ಮೇ ಮುಗಿದಿದೆ. ಹೆಸರು ಹಾಕಿಯೇ ಬರೆ, ಬೇಕಾದರೆ ನನ್ನದನ್ನೂ ಹಾಕು.

ನಾಡಿದ್ದು ಪಂಚಮಿ. ಬೆಳಗಿನಿಂದ ತವರಿಗೆ ಬರುವ ಹೆಣ್ಣುಮಕ್ಕಳು ಶಿರಹಟ್ಟಿ ಕಡೆಯಿಂದ ದಿಬ್ಬ ಹತ್ತಿ ಬರುತ್ತಿದ್ದಾರೆ. ಕಂಕುಳಲ್ಲಿ ಕೂಸು, ತಲೆಯ ಮೇಲೆ ಬ್ಯಾಗು, ಕಲ್ಲು ನೋಡುವುದೂ ಇಲ್ಲ. ಇನ್ನಷ್ಟು ಜನರನ್ನು ಕರೆತರಲು ಹೇಮಪ್ಪ ಹೊರಟಿದ್ದಾನೆ. ಈ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರುಮಾಲಿನೊಳಗೆ ಇಟ್ಟುಕೊಳ್ಳಲು ಕಾಯುತ್ತ ನಿಂತಿದ್ದಾನೆ. ಶಿರಹಟ್ಟಿಯ ಅಂಚೆಗೆ ಹಾಕುತ್ತಾನೆ.

ಡಾಂಬರಿನ ಮೇಲೆ ಇನ್ನೂ ಹಳ್ಳ ಹರಿಯುತ್ತಿದೆ. ಆದ್ದರಿಂದ ಈ ಕಾಗದ ನಿನ್ನ ಕೈಗೆ ಮುಟ್ಟಿದರೆ, ಈ ಊರಿಗೆ ಇನ್ನೊಂದು ದಾರಿ ಇದೆ ಎಂದು ತಿಳಿ. ಅದರಿಂದಲೇ ಬಾ. ಚಪ್ಪಲಿ ಕೈಯಲ್ಲಿ ಹಿಡಿದುಕೋ.

ತನ್ವೀರ